ಮಧ್ಯಂತರದಲ್ಲಿ ಎದ್ದುಹೋದ ಅಮ್ಮನಿಗೆ

ಮಿನಿಯಾಪೊಲಿಸ್
೧೮ ಫೆಬ್ರವರಿ ೨೦೧೪, ಮಂಗಳವಾರ

ಪ್ರೀತಿಯ ಅಮ್ಮಾ,

ಹೇಗಿದ್ದೀ? ಅರಿಜೋನಾದ ಬಿಸಿಲಿಗೆ ಮೊಣಕಾಲು ಸ್ವಲ್ಪ ಸಡಿಲವಾಯಿತೇ? ರಕ್ತದೊತ್ತಡದ ಮಾತ್ರೆಯನ್ನು ಬೆಳಗಿನ ಕಾಫಿಯ ಜೊತೆಗೇ ನುಂಗುತ್ತಿದ್ದೀ ತಾನೆ, ಇಲ್ಲ ಲಾವೊನ್ ಚಿಕ್ಕಮ್ಮನ ಜೊತೆ ಇಸ್ಪೀಟಿಗೆ ಕೂತು ಅದನ್ನೂ ಮರೆಯುತ್ತಿದ್ದೀಯೋ? ಅಪ್ಪ ಹಿತ್ತಲಲ್ಲಿ ಕಿತ್ತಳೆ ಕೀಳುತ್ತಿರುವ ಫೋಟೊ ಚಿಕ್ಕಮ್ಮ ಕಳಿಸಿದ್ದಳು. ಫೆಬ್ರವರಿಯಲ್ಲಿ ಅವನನ್ನು ಅರ್ಧ ತೋಳಿನ ಅಂಗಿಯಲ್ಲಿ ನೋಡಿ ಹೊಟ್ಟೆಕಿಚ್ಚಾಯಿತು. ಇಲ್ಲಿ ಈ ಸಲದ ಚಳಿ ಹೇಳತೀರದು. ಬೆಳಿಗ್ಗೆ ನನ್ನ ಕಾರು ಜಪ್ಪಯ್ಯ ಅಂದರೂ ಶುರುವಾಗುವುದಿಲ್ಲ. ನೀನು ಹೆಣೆದುಕೊಟ್ಟ ಕಂದು ಟೋಪಿಯನ್ನು ತಾಲೀಮಿನ ಕೋಣೆಯ ಒಳಗೂ ಹಾಕಿಕೊಂಡೇ ಇರುತ್ತೇನೆ. ನಾನು ಆರೋಗ್ಯವಾಗಿದ್ದೇನೆ, ಚೆನ್ನಾಗಿ ತಿನ್ನುತ್ತಿದ್ದೇನೆ, ನೀನು ಮಾಂಸ, ಆಲೂಗಡ್ಡೆ ಹಾಕಿ ಬೇಯಿಸಿ ಫ್ರೀಜರಿನಲ್ಲಿ ತುಂಬಿಟ್ಟು ಹೋದ ಹಾಟ್‌ಡಿಶ್ ಇನ್ನೂ ಮುಗಿದಿಲ್ಲ.

ನೀನು ಫೋನಿನಲ್ಲಿ ಸಿಗುವುದಿಲ್ಲವಾದ್ದರಿಂದ ಕಾಗದ ಬರೆಯುತ್ತಿದ್ದೇನೆ. ಸಿಗುವುದೇ ಇಲ್ಲ ಅಂತಲ್ಲ. “ನಾವಿಲ್ಲಿ ಆರಾಮಾಗಿದೀವಿ, ನೀನು ಬೆಚ್ಚಗೆ ಬಟ್ಟೆ ಹಾಕ್ಕೊ, ತಗೋ, ಅಪ್ಪನ ಹತ್ರ ಮಾತಾಡು” ಅನ್ನುವಷ್ಟು ಸಿಗುತ್ತೀ. ಆಮೇಲೆ ಅಪ್ಪ ಬರುತ್ತಾನೆ, ಅಲ್ಲಿಯ ಹವೆ ಹೇಳುತ್ತಾನೆ, ಇಲ್ಲಿಯ ಹವೆ ಕೇಳುತ್ತಾನೆ, ಕೆಮ್ಮುತ್ತಾನೆ. ಕಳೆದ ಭಾನುವಾರ ಆ ಕೆಮ್ಮಿನ ಮೇಲೆ ಧೈರ್ಯ ಮಾಡಿ, “ನಿಮ್ಮಮ್ಮ ಬಾಯ್ಬಿಟ್ಟು ಏನೂ ಹೇಳಿಲ್ಲ ಮಾರಿಟ್. ಆದ್ರೂ ಆ ಬಗ್ಗೋ ಭಾಗ ಒಂದನ್ನ ತೆಗೆದುಬಿಟ್ರೆ ನಾಟಕಕ್ಕೆ ಬಂದಾಳೇನೋ ಅಂತ ನಂಗನ್ಸುತ್ತೆ. ನಂಗನ್ಸೋದು ಅಷ್ಟೇ ಮತ್ತೆ” ಅಂದ. ಅಪ್ಪ ಒಂದೇ ಉಸಿರಿಗೆ ಇಷ್ಟು ಮಾತಾಡಿದ್ದನ್ನು ನಾನು ಕೊರಿಯಾದಿಂದ ಈ ಮನೆಗೆ ದತ್ತು ಬಂದಾಗಿನಿಂದ ಕೇಳಿಲ್ಲ, ಅದಕ್ಕೇ ವಿಷಯ ಎಷ್ಟು ಗಂಭೀರ ಅಂತ ಗೊತ್ತಾಯಿತು. ಹಾಗಾಗಿ ನೇರವಾಗಿ ಹೇಳಿಬಿಡುತ್ತೇನೆ. ಆ ಭಾಗ ತೆಗೆಯುವುದಿಲ್ಲ. ಮಾರ್ಚ್ ಹದಿನಾಲ್ಕರ ಶುಕ್ರವಾರ ಮೊದಲ ಪ್ರದರ್ಶನ, ಅದಕ್ಕೆ ನೀನು ಬರಬೇಕು. ನನಗೆ ಎರಡೂ ಬೇಕು. ಒಂದನ್ನು ಬಿಟ್ಟುಕೊಟ್ಟು ಇನ್ನೊಂದನ್ನು ಪಡೆಯುವ ವ್ಯಾಪಾರಕ್ಕೆ ನಾನು ಬರುವುದಿಲ್ಲ.

ನವೆಂಬರಿನಲ್ಲಿ ನಾವು ಮಾಡಿದ್ದು ನಾಟಕವಲ್ಲ, ಬರೀ ಓದು. ವೇಷವಿಲ್ಲ, ಪರದೆಯಿಲ್ಲ. ನಟರು ಸಾಲಾಗಿ ನಿಂತು ಹಾಳೆ ನೋಡಿಕೊಂಡು ಓದುವುದು, ಜನ ಎಲ್ಲಿ ನಗುತ್ತಾರೆ ಎಲ್ಲಿ ಆಕಳಿಸುತ್ತಾರೆ ನೋಡಿಕೊಂಡು ಆಮೇಲೆ ತಿದ್ದುವುದು. ಅದಕ್ಕೆ ಮೊದಲೇ ನಿನಗೆ ಎಲ್ಲ ಹೇಳಿಬಿಡೋಣ ಅಂತ ಬಂದರೆ, “ಏನಿದ್ಯೋ ಅಲ್ಲೇ ನೋಡ್ತೀನಿ ಬಿಡು, ಮೊದ್ಲೇ ಗೊತ್ತಾದ್ರೆ ಏನ್ ಮಜಾ” ಅಂತ ನನ್ನ ಬಾಯಿ ಮುಚ್ಚಿಸಿದೆ. ಬರ್ನಿಸ್ ಮತ್ತು ಚರ್ಚಿನ ಹೆಂಗಸರನ್ನೆಲ್ಲ ವ್ಯಾನಿನಲ್ಲಿ ತುಂಬಿಕೊಂಡು, ಕೆಂಪು ಕೋಟು ಹಾಕಿಕೊಂಡು ಬಂದೆ. ನಾನೇ ಬರೆದ ನಮ್ಮ ಮನೆಯ ಕಥೆ, ನಾನು ನನ್ನದೇ ಪಾತ್ರ ಓದಿದೆ. ನಿನ್ನ ಪಾತ್ರವನ್ನು ವ್ಯಾಲೆರಿ ಓದಿದಳು, ಆ ಎತ್ತರದ ಹೊಂಬಣ್ಣದ ಕೂದಲಿನವಳು. ಐವತ್ತು ವರ್ಷದಿಂದ ಯಾರೂ ಆಡದ ಹಳ್ಳಿ ರಾಗ ಎಳೆದು ಓದಿದಳು. ಬೇಸಿಗೆ ಶಿಬಿರದಲ್ಲಿ ನೀನು ನನ್ನಂಥ ದತ್ತುಮಕ್ಕಳಿಗೆಲ್ಲ ಕೊರಿಯಾದ ನಮಸ್ಕಾರ ಕಲಿಸುವ ಭಾಗ ಬಂತು. ಮಂಡಿಯೂರಿ, ಹಣೆ ನೆಲಕ್ಕೆ ಮುಟ್ಟಿಸಿ, ಎದ್ದು, ಮತ್ತೆ ಮಂಡಿಯೂರಿ, ಎರಡು ಸಲ. ಪಕ್ಕದ ಸೇಂಟ್ ಪಾಲ್ ಊರಿನ ಕೊರಿಯನ್ ಚರ್ಚಿನಿಂದ ಬಂದಿದ್ದ ಹಿರಿಯರೆಲ್ಲ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಅವರು ನಕ್ಕರು ಅಂತ ನೀನೂ ನಕ್ಕೆ, ವೇದಿಕೆಯಿಂದ ನಾನು ನೋಡಿದೆ. ಆಗ ಹಿಂದಿನ ಸಾಲಿನ ತಾತ ನಿನ್ನ ಕಡೆ ಬಾಗಿ, ನೀನು ಯಾರು ಅಂತ ಗೊತ್ತಿಲ್ಲದೆ, ಉಪಕಾರವಾಗಲಿ ಅಂತ ವಿವರಿಸಿದನಂತೆ: “ಬದುಕಿರೋರಿಗೆ ಒಂದೇ ಸಲ ಕಣಮ್ಮ. ಎರಡು ಸಲ ಬಗ್ಗೋದು ಸತ್ತೋರಿಗೆ. ಪಾಪ, ಆ ಹೆಂಗಸಿಗೆ ಗೊತ್ತಿಲ್ಲ.” ನೀನು “ಓ, ಹೌದಾ” ಅಂದೆಯಂತೆ, ಬರ್ನಿಸ್ ಹೇಳಿದಳು. ಮಧ್ಯಂತರದಲ್ಲಿ ನಾನು ಹೊರಗೆ ಬರುವಷ್ಟರಲ್ಲಿ ನೀನು ಕೋಟಿನ ಗುಂಡಿ ಹಾಕಿಕೊಳ್ಳುತ್ತಿದ್ದೆ. “ಸ್ವಲ್ಪ ಬೇರೆ ಥರ ಇದೆ” ಅಂದೆ. ನಮ್ಮ ಕಡೆ ಅದಕ್ಕಿಂತ ದೊಡ್ಡ ಬೈಗುಳ ಇಲ್ಲ ಅನ್ನುವುದು ನನಗೂ ಗೊತ್ತು, ನಿನಗೂ ಗೊತ್ತು. ಕಾಫಿಯನ್ನೂ ಕುಡಿಯಲಿಲ್ಲ. ಪ್ರತಿ ಚಳಿಗಾಲ ಕ್ರಿಸ್‌ಮಸ್ ಮುಗಿಸಿ ಹೊರಡುವವಳು ಈ ಸಲ ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಮಾರನೆಯ ದಿನವೇ ಅರಿಜೋನಾಕ್ಕೆ ಗಂಟು ಕಟ್ಟಿದೆ.

ಅಮ್ಮಾ, ನೀನು ಅವತ್ತು ಅವಮಾನ ಪಟ್ಟೆ. ಅದು ನನಗೆ ಅರ್ಥವಾಗದೆ ಇಲ್ಲ. ಆದರೆ ಆ ಶಿಬಿರ ಏನಾಗಿತ್ತು ಅಂತ ನನ್ನ ಕಣ್ಣಿನಿಂದಲೂ ಒಮ್ಮೆ ನೋಡು. ನಮ್ಮ ಜಿಲ್ಲೆಯಲ್ಲಿ ಕೊರಿಯಾದಿಂದ ಬಂದ ಮಕ್ಕಳು ಎಷ್ಟು ಬೇಕಾದರೂ ಇದ್ದರು, ಕೊರಿಯಾದ ಒಬ್ಬ ದೊಡ್ಡವರೂ ಇರಲಿಲ್ಲ. ಮಕ್ಕಳಿಗೆ ತಮ್ಮ ದೇಶದ್ದು ಏನಾದರೂ ಗೊತ್ತಿರಬೇಕು ಅಂತ ಹಟ ಹಿಡಿದವಳು ನೀನೊಬ್ಬಳೇ. ಹುಳಿ ಎಲೆಕೋಸು ಹಾಕುವ ಅಜ್ಜಿಯ ಭರಣಿಯಲ್ಲಿ ಕೊರಿಯಾದ ಖಾರದ ಕಿಮ್ಚಿ ಹಾಕಿದೆ. ಅಪ್ಪ ಒಂದು ಚೂರು ಬಾಯಿಗಿಟ್ಟು, ಕಣ್ಣಲ್ಲಿ ನೀರು ಬಂದರೂ, “ಪರವಾಗಿಲ್ಲ, ತಿನ್ಬೋದು” ಅಂದಿದ್ದ. ಕಿಟಕಿ ಪರದೆಯ ಬಟ್ಟೆಯಲ್ಲಿ ನಮಗೆಲ್ಲ ಹಬ್ಬದ ಲಂಗ ಹೊಲಿದೆ. ಮಿಷನರಿಯೊಬ್ಬರು ತಂದಿದ್ದ ಫಿಲ್ಮಿನಲ್ಲಿ ಒಂದು ಕುಟುಂಬ ತಿಂಡಿ ತುಂಬಿದ ಮೇಜಿನ ಮುಂದೆ ಎರಡೆರಡು ಸಲ ಬಾಗುತ್ತಿತ್ತು. ಅದು ತೀರಿಹೋದ ಅಜ್ಜನಿಗೆ ಇಟ್ಟ ಎಡೆ ಅಂತ ನಿನಗೆ ಹೇಳುವವರು ಯಾರಿದ್ದರು? ಇಷ್ಟು ತಿಂಡಿ ಇದೆ ಅಂದಮೇಲೆ ಹಬ್ಬವೇ ಇರಬೇಕು ಅಂದುಕೊಂಡೆ. ಲೂಥರನ್ ಚರ್ಚಿನ ಹೆಂಗಸು ಬೇರೆ ಏನು ಅಂದುಕೊಂಡಾಳು, ನಮ್ಮಲ್ಲಿ ಸಾವಿಗೂ ಹಬ್ಬಕ್ಕೂ ಅದೇ ಹಾಟ್‌ಡಿಶ್. ಶಿಬಿರದ ಕೊನೆಯ ದಿನ ಅಪ್ಪಂದಿರನ್ನೆಲ್ಲ ಮಡಿಸುವ ಕುರ್ಚಿಗಳಲ್ಲಿ ಸಾಲಾಗಿ ಕೂರಿಸುತ್ತಿದ್ದೆ. ಅವರು ಬೀಜದ ಕಂಪನಿಯ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು, ಎಲ್ಲಿ ನೋಡಬೇಕೋ ತಿಳಿಯದೆ ತಮ್ಮ ಬೂಟು ನೋಡಿಕೊಳ್ಳುತ್ತಿದ್ದರು. ನಾವು ಎರಡೆರಡು ಸಲ ಬಾಗುತ್ತಿದ್ದೆವು. ಅಂದರೆ ಪ್ರತಿ ಆಗಸ್ಟಿನಲ್ಲೂ ಊರಿನ ಗಂಡಸರಿಗೆಲ್ಲ ಒಟ್ಟಿಗೆ ತಿಥಿ ಮಾಡಿದೆವು ಅಂತಾಯಿತು. ಯಾರಿಗೂ ಏನೂ ಆಗಿಲ್ಲ. ಆ ಸಾಲಿನಲ್ಲೇ ಕೂರುತ್ತಿದ್ದ ವೆಂಡೆಲ್ ಹೌಗನಿಗೆ ಮೊನ್ನೆ ತೊಂಬತ್ತು ತುಂಬಿತು, ಇನ್ನೂ ಟ್ರ್ಯಾಕ್ಟರ್ ಓಡಿಸುತ್ತಾನೆ. ನೀನು ತಪ್ಪು ಕಲಿಸಿದೆ, ಒಪ್ಪಿದೆ. ಆದರೆ ಕಲಿಸಿದೆ. ನಗುವವರಲ್ಲಿ ಯಾರೂ ನಮ್ಮೂರಿಗೆ ಬಂದು ಸರಿಯಾದದ್ದನ್ನು ಕಲಿಸಿಕೊಡಲಿಲ್ಲ.

ಈ ನಾಟಕ ನನಗೆ ಯಾಕೆ ಇಷ್ಟು ಮುಖ್ಯ ಅಂತ ನಿನಗೆ ಬಿಡಿಸಿ ಹೇಳಬೇಕಾಗಿಲ್ಲ, ಆದರೂ ಹೇಳುತ್ತೇನೆ. ಹತ್ತನೆಯ ವಯಸ್ಸಿನಲ್ಲಿ ಕ್ರಿಸ್‌ಮಸ್ ನಾಟಕಕ್ಕೆ ನಾನು ಮೇರಿ ಆಗಬೇಕು ಅಂದಾಗ ನನ್ನನ್ನು ಪೂರ್ವದಿಕ್ಕಿನಿಂದ ಬಂದ ಜ್ಞಾನಿ ಮಾಡಲು ಹೊರಟಿದ್ದರು. ನೀನು ಭಾನುವಾರ ಶಾಲೆಯ ಮೇಲ್ವಿಚಾರಕಿಗೆ ಕಾಫಿ ಬಗ್ಗಿಸುತ್ತಾ, ಸ್ವಲ್ಪವೂ ದನಿ ಏರಿಸದೆ, “ಯೇಸುವಿನ ತಾಯಿ ನಮ್ಮ ಹಾಗೆ ನಾರ್ವೆ ಕಡೆಯವಳೇನೂ ಅಲ್ವಲ್ಲ ಡೋರಿಸ್” ಅಂದೆ. ನಾನು ಮೇರಿಯಾದೆ. ದೊಡ್ಡವಳಾದ ಮೇಲೆ ಪ್ರತಿ ಬಾಗಿಲಲ್ಲೂ ಹಾಗೆ ಕಾಫಿ ಬಗ್ಗಿಸುವವರು ಇರಲಿಲ್ಲ. ಪಾತ್ರದ ಆಯ್ಕೆಗೆ ಹೋದರೆ “ಮಾರಿಟ್ ಟೊಲೆಫ್‌ಸನ್” ಅಂತ ನಾರ್ವೆಯ ಹೆಸರು ಕೂಗಿ, ಕೊರಿಯಾದ ಮುಖದ ನಾನು ಎದ್ದು ನಿಂತರೂ ನನ್ನ ಹಿಂದೆ ಯಾರಾದರೂ ಬರುತ್ತಿದ್ದಾರೋ ಅಂತ ಇಣುಕುತ್ತಿದ್ದರು. ಹದಿನೈದು ವರ್ಷದಲ್ಲಿ ನಾನು ಏನೇನಾಗಿದ್ದೇನೆ ನಿನಗೆ ಗೊತ್ತು. ಹಾಸಿಗೆಯ ಹೊದಿಕೆ ಬದಲಿಸುವ ನರ್ಸು, ಯುದ್ಧದಲ್ಲಿ ಗಂಡನನ್ನು ಕಳೆದುಕೊಂಡು ಅರಚುವವಳು, ಉಗುರಿಗೆ ಬಣ್ಣ ಹಚ್ಚುವವಳು, ಪಿಟೀಲು ಬಾರಿಸುವ ಹುಡುಗನ ಕೋಪಿಷ್ಠ ತಾಯಿ. “ನಿಮ್ಮನೇಲಿ ಹೆಂಗೆ ಮಾತಾಡ್ತೀರೋ ಹಂಗೇ ಮಾತಾಡಿ, ಸಹಜವಾಗಿರ್ಲಿ” ಅನ್ನುತ್ತಾರೆ. ನಾನು ನಮ್ಮ ಮನೆಯಲ್ಲಿ ಮಾತಾಡುವ ಹಾಗೇ ಮಾತಾಡಿದರೆ, ಅಂದರೆ ನಿನ್ನ ಹಾಗೆ, ಮುಖ ಸಪ್ಪಗೆ ಮಾಡಿಕೊಳ್ಳುತ್ತಾರೆ. ಪಾತ್ರ ಸಿಗದೆ ನಾಟಕ ಬರೆಯಲು ಕೂತೆ. ಮೊದಲನೆಯದನ್ನು ಮುಚ್ಚಿಹೋಗಿದ್ದ ಜಮಖಾನೆ ಅಂಗಡಿಯಲ್ಲಿ ಆಡಿದೆವು. ಬಂದವರಿಗಿಂತ ನೀನು ಮಾಡಿ ತಂದ ಸಿಹಿತಿಂಡಿಯೇ ಜಾಸ್ತಿ ಇತ್ತು. ಎರಡನೆಯದು ನಮ್ಮಂಥ ದತ್ತುಮಕ್ಕಳ ಸಮ್ಮೇಳನಗಳಲ್ಲಿ ಊರೂರು ತಿರುಗಿತು, ಡೆನ್ಮಾರ್ಕಿಗೂ ಹೋಯಿತು. ಇದು ಮೂರನೆಯದು. ಇದನ್ನು ದೊಡ್ಡ ವೇದಿಕೆಯಲ್ಲಿ, ಋತುವಿನ ಮುಖ್ಯ ನಾಟಕವಾಗಿ ಆಡುತ್ತಿದ್ದಾರೆ. ಇಷ್ಟು ದೂರ ಬಂದಮೇಲೆ ನಾಟಕದ ಎಲುಬನ್ನೇ ಕಿತ್ತುಹಾಕು ಅಂದರೆ ಹೇಗೆ?

ಎಲುಬು ಅಂತ ಯಾಕೆ ಹೇಳಿದೆ ಅಂದರೆ, ನೀನು ನೋಡಿದ್ದು ಅರ್ಧ. ಜನ ನಗುವಲ್ಲಿಗೆ ಎದ್ದುಹೋದೆ. ಆ ನಗುವಿನ ಮೇಲೆ ಏನು ಕಟ್ಟಿದ್ದೇನೆ ಅನ್ನುವುದು ಮಧ್ಯಂತರದ ನಂತರ ಇದೆ. ಬಂದು ನೋಡಲಿ ಅಂತ ಇಷ್ಟು ದಿನ ಹೇಳದೆ ಇದ್ದೆ, ಈಗ ಹೇಳಿಯೇ ಬಿಡುತ್ತೇನೆ. ಇಪ್ಪತ್ತಾರನೆಯ ವಯಸ್ಸಿನಲ್ಲಿ ನಾನು ಕೊರಿಯಾದ ಗುನ್ಸಾನ್‌ಗೆ ಹೋಗಿ ನನ್ನನ್ನು ಹೆತ್ತವಳನ್ನು ನೋಡಿದೆನಲ್ಲ. ಮರಳಿ ಬಂದಾಗ ನೀನು “ಹೇಗಾಯ್ತು?” ಅಂತ ಕೇಳಿದೆ. ನಾನು “ಚೆನ್ನಾಗಾಯ್ತು” ಅಂದೆ. ನೀನು “ಒಳ್ಳೇದಾಯ್ತು ಹಾಗಾದ್ರೆ” ಅಂದು ಆಲೂಗಡ್ಡೆ ಬಡಿಸಿದೆ. ನಮ್ಮ ಕಡೆ ಮಾತು ಅಷ್ಟಕ್ಕೇ ಮುಗಿಯುತ್ತದೆ. ಅವತ್ತು ಮುಗಿದ ಮಾತನ್ನು ಮುಂದುವರಿಸುವುದಕ್ಕೇ ನಾನು ಈ ನಾಟಕ ಬರೆದದ್ದು.

ಅವಳ ಹೆಸರು ಬೋಕ್ ಗಿಲ್‌ಜಾ. ಬಂದರಿನ ಹತ್ತಿರ ಚಿಪ್ಪುಮೀನಿನ ಶಾವಿಗೆ ಮಾಡುವ ಅಂಗಡಿ. ಅದರ ಹಿಂದಿನ ಕೋಣೆಯಲ್ಲಿ ಅವಳು, ಅವಳ ಅಕ್ಕ, ದುಭಾಷಿಯಾಗಿ ಬಂದಿದ್ದ ಕಾಲೇಜು ಹುಡುಗಿ, ನಾನು. ಗಿಲ್‌ಜಾ ನನ್ನ ಮುಖ ನೋಡಲಿಲ್ಲ. ನೆಲ ನೋಡುತ್ತಾ ಕೂತಿದ್ದಳು. ನನಗೆ ಅವರ ಭಾಷೆಯ ಒಂದು ಮಾತೂ ಬಾಯಿಗೆ ಬರಲಿಲ್ಲ. ಬಂದದ್ದು ನೀನು ಕಲಿಸಿದ್ದು. ಬಲಗೈಯನ್ನು ಎಡಗೈಯ ಮೇಲಿಟ್ಟು, ಕಣ್ಣು ಕೆಳಗೆ ಮಾಡಿ, ನಿಧಾನವಾಗಿ ಮಂಡಿಯೂರಿ ಹಣೆ ಮುಟ್ಟಿಸಿದೆ. ಎದ್ದೆ. ಅಲ್ಲಿಯವರೆಗೆ ಎಲ್ಲ ಸರಿ ಇತ್ತು. ಎರಡನೆಯ ಸಲ ಮಂಡಿ ಬಾಗಿಸಿದ ಕೂಡಲೇ ದೊಡ್ಡಮ್ಮ ಹೌಹಾರಿ ನನ್ನ ತೋಳು ಹಿಡಿದೆಳೆದಳು. “ಅಯ್ಯಯ್ಯೋ, ನಿಲ್ಸೇ, ನಿಲ್ಸು! ಬದುಕಿರೋಳ ಮುಂದೆ ಇದೇನೇ ಅನಿಷ್ಟ!” ದುಭಾಷಿ ಹುಡುಗಿ ಬಿಳಿಚಿಕೊಂಡು ನನಗೆ ವಿಷಯ ಹೇಳಿದಳು. ನನಗೆ ಭೂಮಿ ಬಾಯ್ಬಿಡಬಾರದೆ ಅನ್ನಿಸಿತು. ಆಗ ಗಿಲ್‌ಜಾ ಮೊದಲ ಸಲ ತಲೆ ಎತ್ತಿದಳು. “ಯಾರು ಕಲ್ಸಿದ್ದು?” ಅಂತ ಕೇಳಿದಳು. “ನಮ್ಮಮ್ಮ” ಅಂದೆ. ಅವಳು ಅಕ್ಕನ ಕೈಯನ್ನು ನನ್ನ ತೋಳಿನಿಂದ ಬಿಡಿಸಿದಳು. ಆಮೇಲೆ ಅಂದಳು: “ಸರಿಯಾಗೇ ಕಲ್ಸಿದಾಳೆ. ಮಗೂನ ಕೊಟ್ಟು ಬಂದ ಹುಡುಗಿ ಇದ್ಲಲ್ಲ, ಅವಳು ಅವತ್ತೇ ಸತ್ಲು. ಅವಳಿಗೋಸ್ಕರ ಇದುವರೆಗೂ ಯಾರೂ ಬಗ್ಗಿರ್ಲಿಲ್ಲ. ಪೂರ್ತಿ ಮಾಡು.” ನಾನು ಎರಡನೆಯದನ್ನು ಪೂರ್ತಿ ಮಾಡಿದೆ. “ಅದು ಅವಳಿಗಾಯ್ತು. ಈಗ ನನಗೊಂದು ಮಾಡು” ಅಂದಳು. ದೊಡ್ಡಮ್ಮ ಅಂಗಿಯ ತೋಳಿನಲ್ಲೇ ಮೂಗು ಒರೆಸಿಕೊಳ್ಳುತ್ತಾ, “ಮೂರಾಗುತ್ತಲ್ಲೇ! ಮೂರು ಮಾಡೋದು ಬುದ್ಧನಿಗೆ. ಇವಳೇನ್ ಬುದ್ಧನಾ? ಶಾವಿಗೆ ಮಾರೋಳು!” ಅಂದಳು. ಗಿಲ್‌ಜಾ ನಕ್ಕಳು, ನಾನೂ ನಕ್ಕೆ, ಅಳುತ್ತಾ ನಗುತ್ತಾ ಮೂರನೆಯದನ್ನು ಮಾಡಿದೆ. ಏಳುವ ಮೊದಲೇ ಅವಳು ಬಂದು ನನ್ನ ತಲೆ ಹಿಡಿದುಕೊಂಡಳು.

ನೀನು ಸರಿಯಾದದ್ದನ್ನು ಕಲಿಸಿದ್ದರೆ ನಾನು ಒಂದೇ ಸಲ ಬಾಗಿ, ಚಹಾ ಕುಡಿದು, ದೂರದ ನೆಂಟಳ ಹಾಗೆ ಎದ್ದು ಬರುತ್ತಿದ್ದೆ. ಅವಳು ನೆಲ ನೋಡುತ್ತಲೇ ಇರುತ್ತಿದ್ದಳು. ನಿನ್ನ ತಪ್ಪಿನಿಂದ ನನಗೆ ಅವಳು ಸಿಕ್ಕಳು ಅಮ್ಮಾ. ನಾಟಕ ಹೇಳುವುದು ಇದನ್ನೇ. ಮೊದಲರ್ಧದ ನಗು ಇಲ್ಲದಿದ್ದರೆ ಎರಡನೆಯ ಅರ್ಧ ಯಾರಿಗೂ ತಾಕುವುದಿಲ್ಲ. ಓದಿನ ದಿನ ನಿನ್ನ ಹಿಂದೆ ಕೂತಿದ್ದ ಆ ತಾತ, ಕೊನೆಯಲ್ಲಿ ಹೊರಗೆ ಬಂದು ಕೆಂಪು ಕೋಟಿನ ಹೆಂಗಸು ಎಲ್ಲಿ ಅಂತ ಹುಡುಕಿದ. ಅಷ್ಟು ಹೊತ್ತಿಗೆ ಬರ್ನಿಸ್ ನೀನು ಯಾರು ಅಂತ ಅವನಿಗೆ ಹೇಳಿದ್ದಳು. ನಿನ್ನ ಕ್ಷಮೆ ಕೇಳಬೇಕು ಅಂತಿದ್ದ. ನೀನು ಆಗಲೇ ಹೆದ್ದಾರಿಯ ಮೇಲಿದ್ದೆ.

ಇನ್ನು ಇಲ್ಲಿಯ ಸುದ್ದಿ. ವ್ಯಾಲೆರಿಗೆ ಶಿಕಾಗೋದಲ್ಲಿ ಟೀವಿ ಕೆಲಸ ಸಿಕ್ಕಿ ಜನವರಿಯ ಕೊನೆಗೆ ಕೈಕೊಟ್ಟು ಹೋದಳು. ನಮ್ಮ ನಿರ್ದೇಶಕ ಗಾರ್ತ್ ಪ್ರೊಹಾಸ್ಕಾ ಒಳ್ಳೆಯವನೇ, ಆದರೆ ಜನ ಎಲ್ಲಿ ನಗುತ್ತಾರೋ ಅಲ್ಲಿ ಇನ್ನೊಂದು ಹಿಡಿ ಮಸಾಲೆ ಹಾಕುವ ಚಟ. ನಿನ್ನ ಪಾತ್ರಕ್ಕೆ ನಾರ್ವೆಯ ಗೊಂಬೆಯ ಹಾಗೆ ಮರದ ಚಪ್ಪಲಿ ಹಾಕಿಸಬೇಕು, ಎರಡು ಜಡೆ ಹೆಣೆಸಬೇಕು ಅಂತ ಶುರುಮಾಡಿದ್ದ. ವ್ಯಾಲೆರಿ ಹೋದ ಕೂಡಲೇ ಇನ್ನೊಬ್ಬ ಎತ್ತರದವಳನ್ನು ಹುಡುಕತೊಡಗಿದ. ನಾನು, “ಹುಡುಕೋದು ಬೇಡ. ನಮ್ಮಮ್ಮ ಆರ್ಲಿಸ್ ಪಾತ್ರ ನಾನ್ ಮಾಡ್ತೀನಿ. ಮಗಳ ಪಾತ್ರ ಬೇರೆಯವರು ಮಾಡ್ಲಿ” ಅಂದೆ. ಗಾರ್ತ್ ನಕ್ಕ. ನಾನು ನಗಲಿಲ್ಲ ಅಂತ ಗೊತ್ತಾದಾಗ, “ತಪ್ಪು ತಿಳ್ಕೋಬೇಡ ಮಾರಿಟ್, ನೀನು ಒಳ್ಳೆ ನಟಿ, ಅದ್ರಲ್ಲಿ ಎರಡು ಮಾತಿಲ್ಲ. ಆದ್ರೆ ನಾರ್ವೆ ಮೂಲದ ಹಾಲಿನ ಡೈರಿ ಹೆಂಗಸು ಅಂದ್ರೆ... ಜನ ನಂಬಬೇಕಲ್ಲ?” ಅಂದ. ಹದಿನೈದು ವರ್ಷ ಬೇರೆ ಬೇರೆ ಬಾಯಲ್ಲಿ ಕೇಳಿದ ಅದೇ ಮಾತು. ಸಿಟ್ಟು ನೆತ್ತಿಗೇರಿತು.

ನಾನು ಬಾಯಿ ತೆಗೆಯುವ ಮೊದಲೇ ಮೂಲೆಯಲ್ಲಿ ಹೆಣೆಯುತ್ತಾ ಕೂತಿದ್ದ ಮೇಂಗ್ ಓಕ್‌ಬುನ್ ಅಜ್ಜಿ ಎದ್ದಳು. ಗಿಲ್‌ಜಾ ಪಾತ್ರ ಮಾಡುವುದು ಈ ಅಜ್ಜಿಯೇ. ಸೇಂಟ್ ಪಾಲಿನಲ್ಲಿ ಬಟ್ಟೆ ಒಗೆಯುವ ಅಂಗಡಿ ಇಟ್ಟುಕೊಂಡಿದ್ದವಳು, ಹುಡುಗಿಯಾಗಿದ್ದಾಗ ಕೊರಿಯಾದಲ್ಲಿ ಬರೀ ಹೆಂಗಸರೇ ಇದ್ದ ಹಾಡಿನ ನಾಟಕದ ಮೇಳದಲ್ಲಿದ್ದಳು. ಗಾರ್ತನ ಎದೆಗೆ ಹೆಣಿಗೆ ಕಡ್ಡಿ ತೋರಿಸುತ್ತಾ, “ನಾನು ಮೀಸೆ ಅಂಟಿಸ್ಕೊಂಡು ಸೇನಾಪತಿ ಆಗಿದ್ದೆ ಕಣಯ್ಯಾ! ಮದ್ವೆ ಅಂತಾದ್ರೆ ಇವನ್ನೇ ಅಂತ ಹುಡುಗೀರು ಸಾಲುಗಟ್ಟಿ ನಿಲ್ತಿದ್ರು. ನಿಜವಾದ ಗಂಡಸರು ಹೊಟ್ಟೆ ಉರ್ಕೋತಿದ್ರು. ನನ್ನ ಸೇನಾಪತಿ ಅಂತ ಜನ ನಂಬಿದ್ರು, ಇವಳನ್ನ ಇವಳ ಅವ್ವ ಅಂತ ನಂಬಲ್ವಾ? ನಿನ್ ತಲೆ!” ಅಂದಳು. ಗಾರ್ತ್ ಎರಡು ಹೆಜ್ಜೆ ಹಿಂದೆ ಸರಿದ. ನಾನು ಮಾಡಿಯೇ ತೋರಿಸಿದೆ. ನೆಂಟರು ಹೊರಟಾಗ ನೀನು ಹಿಂಬಾಗಿಲಲ್ಲಿ ನಿಲ್ಲುವ ಹಾಗೆ, ಒಂದು ಕೈ ಬಾಗಿಲಿಗೆ ಒಂದು ಕೈ ಸೊಂಟಕ್ಕೆ ಕೊಟ್ಟು ನಿಂತು, “ಹೊರಟೇಬಿಟ್ರಾ? ಏನೂ ತಿನ್ನಲೇ ಇಲ್ವಲ್ಲ. ಸರಿ, ರಸ್ತೇಲಿ ಜಿಂಕೆ ಬರ್ತವೆ ನೋಡ್ಕೊಳ್ಳಿ. ತಡೀರಿ, ಒಂಚೂರು ಕಟ್ಟಿಕೊಡ್ತೀನಿ” ಅಂದೆ. ಆಮೇಲೆ ಅಲ್ಲಿಲ್ಲದ ಕಾರಿನ ತನಕ ಹೋಗಿ, ಕಿಟಕಿಯ ಹತ್ತಿರ ಬಗ್ಗಿ, ಅದನ್ನೇ ಇನ್ನೊಮ್ಮೆ ಅಂದೆ. ರಾಗ ಎಳೆಯಲಿಲ್ಲ, ಜಡೆ ಇರಲಿಲ್ಲ. ದೀಪ ಕಟ್ಟುತ್ತಿದ್ದ ಗ್ಲೆನ್ ಏಣಿಯ ಮೇಲಿಂದ, “ಅಯ್ಯೋ, ನಮ್ಮಮ್ಮಾನೂ ಹಿಂಗೇ” ಅಂದ. ಗಾರ್ತ್ ಬಹಳ ಹೊತ್ತು ಗಡ್ಡ ಕೆರೆದುಕೊಂಡ. ಕೊನೆಗೆ, “ಮರದ ಚಪ್ಪಲಿ ಬೇಡ ಬಿಡು” ಅಂದ.

ಹೀಗಾಗಿ ಈಗ ನಾನು ನೀನು. ಮಗಳ ಪಾತ್ರ ಜೀನಾ ಬೇ ಅನ್ನುವ ಹುಡುಗಿಯದು. ಅವಳು ಕೊರಿಯನ್ ಅಪ್ಪ ಅಮ್ಮನ ಮನೆಯಲ್ಲೇ ಬೆಳೆದವಳು, ಚಿಕ್ಕಂದಿನಿಂದ ಹೊಸವರ್ಷಕ್ಕೆ ಸರಿಯಾಗಿ ಬಾಗಿ ರೂಢಿ. ಪಾಪ, ಒಂದು ಸಲ ಬಾಗಿ ಎದ್ದರೆ ಅವಳ ಮೈ ಎರಡನೆಯದಕ್ಕೆ ಒಪ್ಪುವುದೇ ಇಲ್ಲ. “ಬದುಕಿರೋರ ಮುಂದೆ ನಂಗೆ ಆಗಲ್ಲಕ್ಕ, ಮೈ ಜುಮ್ಮನ್ನುತ್ತೆ” ಅನ್ನುತ್ತಾಳೆ. ನೀನು ನನಗೆ ಕಲಿಸಿದ ಹಾಗೆ ದಿನಾ ಅವಳ ಬೆನ್ನಿನ ಮೇಲೆ ಕೈಯಿಟ್ಟು ಕಲಿಸುತ್ತಿದ್ದೇನೆ. ಜನ ಆ ಭಾಗದಲ್ಲಿ ನಗುತ್ತಾರೆ, ನಗಲಿ. ಅವರು ನಗುವಾಗ ವೇದಿಕೆಯಲ್ಲಿ ನಿಂತು ಆ ನಗುವನ್ನು ಮೈಮೇಲೆ ತೆಗೆದುಕೊಳ್ಳುವವಳು ನಾನು, ನೀನಲ್ಲ. ನಿನ್ನ ತಪ್ಪು ನನಗೆ ಅವಮಾನವಲ್ಲ ಅಂತ ಊರಿಗೆಲ್ಲ ಹೇಳಲು ಇದಕ್ಕಿಂತ ಬೇರೆ ದಾರಿ ನನಗೆ ಗೊತ್ತಿಲ್ಲ. ನಾನು ನಿನ್ನನ್ನು ಪ್ರೀತಿಸುತ್ತೇನೆ ಅಂತ ನಮ್ಮ ಮನೆಯಲ್ಲಿ ಯಾರೂ ಯಾರಿಗೂ ಹೇಳುವುದಿಲ್ಲ. ಈ ಕಾಗದದಲ್ಲಿ ಹೇಳಿದ್ದೇನೆ, ಅಪ್ಪನಿಗೆ ಓದಿ ಹೇಳುವಾಗ ಈ ಸಾಲು ಬೇಕಾದರೆ ಬಿಟ್ಟುಬಿಡು.

ಚಿಕ್ಕಮ್ಮನಿಗೆ ನೆನಪು ಹೇಳು, ಇಸ್ಪೀಟಿನಲ್ಲಿ ಮೋಸ ಮಾಡುವುದು ಕಡಿಮೆ ಮಾಡಲಿ. ಅಪ್ಪ ಬಿಸಿಲಿನಲ್ಲಿ ಬೇಸ್‌ಬಾಲ್ ನೋಡಲು ಹೋದರೆ ಕುತ್ತಿಗೆಗೆ ಮುಲಾಮು ಹಚ್ಚಿ ಕಳಿಸು. ನೀನು ಮೆಟ್ಟಿಲು ಇಳಿಯುವಾಗ ಕಂಬಿ ಹಿಡಿದುಕೋ. ದೇವರು ನಿಮ್ಮಿಬ್ಬರ ಮೈಯನ್ನು ಗಟ್ಟಿಯಾಗಿ, ಮನಸ್ಸನ್ನು ಸ್ವಲ್ಪ ಮೆತ್ತಗೆ ಇಟ್ಟಿರಲಿ.

ನಿನ್ನ ಮಗಳು, ನಿನ್ನಷ್ಟೇ ಹಟದವಳು,
ಮಾರಿಟ್

ಮರೆತಿದ್ದು: ಅಂಚೆಯವಳು ಬರುವ ಹೊತ್ತಾಯಿತು, ಅವಸರದಲ್ಲಿ ಬರೆಯುತ್ತಿದ್ದೇನೆ, ನಿಜವಾಗಿ ಇದೊಂದಕ್ಕೇ ಕಾಗದ ಹಿಡಿದದ್ದು. ನಾಟಕ ಶುರುವಾಗುವುದು ವಿಮಾನ ನಿಲ್ದಾಣದಲ್ಲಿ. ಸಿಯೋಲ್‌ನಿಂದ ಕರೆತಂದ ಹೆಂಗಸು ನನ್ನನ್ನು ನಿನ್ನ ಕೈಗೆ ಕೊಡುವುದು, ನೀನು ಬಗ್ಗಿ ನನ್ನ ಕಿವಿಯಲ್ಲಿ ಏನೋ ಹೇಳುವುದು. ಅಪ್ಪನನ್ನು ಕೇಳಿದರೆ, “ನಾನು ಬ್ಯಾಗು ಹಿಡ್ಕೊಂಡು ದೂರ ನಿಂತಿದ್ದೆ, ಏನೋ ಅಂದ್ಲು, ಕೇಳಿಸ್ಲಿಲ್ಲ” ಅನ್ನುತ್ತಾನೆ. ನನಗೆ ಆಗ ಐದು ತಿಂಗಳು. ಗಾರ್ತ್ ಅಲ್ಲಿ ಏನಾದರೂ ಮಾತು ಬರೆದುಕೊಡು ಅಂತ ಜೀವ ತಿನ್ನುತ್ತಿದ್ದಾನೆ. ಬರೆದದ್ದೆಲ್ಲ ಸುಳ್ಳಾಗಿ ಕೇಳಿಸುತ್ತದೆ, ಹರಿದುಹಾಕಿದೆ. ಬೇರೆಯವರ ಬಾಯಿಗೆ ಸುಳ್ಳು ಮಾತು ಕೊಟ್ಟೇನು, ನಿನ್ನ ಬಾಯಿಗೆ ಕೊಡಲಾರೆ. ಅವತ್ತು ಕಿವಿಯಲ್ಲಿ ಏನಂದೆ ಅಂತ ಗೊತ್ತಿರುವವಳು ಭೂಮಿಯ ಮೇಲೆ ನೀನೊಬ್ಬಳೇ. ಒಂದು ವಾರ ಮೊದಲೇ ಬಾ ಅಮ್ಮಾ. ನನ್ನ ಕಿವಿಯಲ್ಲಿ ಇನ್ನೊಮ್ಮೆ ಹೇಳು, ಉಳಿದವರಿಗೆ ನಾನು ಹೇಳುತ್ತೇನೆ.